ಜೀವ ಬಾಯಿಗೆ ಬಂದರೆ ಇಂಗ್ಲಿಷಿನಲ್ಲಿ ಏನು ಬರೆಯೋದು?

ಕೇಳುಗರೇ, ನಮಸ್ಕಾರ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೊಂದು ಅರ್ಜಿ ಬರೆದಿದ್ದೆ. ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಬೀದಿನಾಯಿಗಳ ಕಾಟ. ಹಗಲು ಪಾಳಿ ಕೊಡಿ ಅಂತ ಕೇಳಬೇಕಿತ್ತು. ‘ಐ ಆಮ್ ಅಫ್ರೇಡ್ ಫಾರ್ ಡಾಗ್ಸ್’ ಅಂತ ಬರೆದೆ. ಸಾಹೇಬರು ಓದಿ ನಕ್ಕರು. “ಪಾಪ, ನಾಯಿಗಳಿಗೆ ಏನಾಯ್ತಪ್ಪಾ?” ಅಂದರು.

ಎಡವಟ್ಟಾಗಿದ್ದು ಆ ‘ಫಾರ್’ನಿಂದ. ಕನ್ನಡದಲ್ಲಿ ನಾವು ನಾಯಿಗೆ ಹೆದರುತ್ತೇವೆ. ಆ ‘ಗೆ’ಯನ್ನೇ ನಾನು ‘ಫಾರ್’ ಮಾಡಿಬಿಟ್ಟಿದ್ದೆ. ಇಂಗ್ಲಿಷಿನಲ್ಲಿ ‘ಅಫ್ರೇಡ್ ಫಾರ್’ ಅಂದರೆ ಅವರಿಗೆ ಏನಾದರೂ ಆದೀತು ಅನ್ನುವ ಆತಂಕ. ರಾತ್ರಿ ಹತ್ತಾದರೂ ಮಗಳು ಮನೆಗೆ ಬರಲಿಲ್ಲ, ಆಗ ಅಮ್ಮ ‘ಅಫ್ರೇಡ್ ಫಾರ್ ಹರ್’. ಕಚ್ಚುವ ನಾಯಿಗಾದರೆ ‘ಅಫ್ರೇಡ್ ಆಫ್’.

‘ಟು’ ಕೂಡ ಬರುತ್ತದೆ, ಆದರೆ ಅದರ ಜಾಗ ಬೇರೆ. ತೆಂಗಿನಮರ ಹತ್ತೋಕೆ ಧೈರ್ಯ ಸಾಲದವನು ‘ಅಫ್ರೇಡ್ ಟು ಕ್ಲೈಂಬ್’. ಹತ್ತಿದ ಮೇಲೆ ಬಿದ್ದೇನು ಅನ್ನುವ ಭಯ ‘ಅಫ್ರೇಡ್ ಆಫ್ ಫಾಲಿಂಗ್’. ಹತ್ತೋದು ಬಿಡೋದು ನಮ್ಮಿಷ್ಟ. ಬೀಳೋದು ನಮ್ಮ ಕೈಲಿಲ್ಲ, ಅಲ್ವಾ? ಅದಕ್ಕೇ ಅಲ್ಲಿ ‘ಟು’ ಒಗ್ಗುವುದಿಲ್ಲ.

ಇನ್ನು ‘ಸ್ಕೇರ್ಡ್’ ಬದಲು ‘ಐ ಆಮ್ ಸ್ಕೇರಿ’ ಅಂತ ಬರೆಯುವವರಿದ್ದಾರೆ. ಹಾಗಂದರೆ ನನ್ನನ್ನು ಕಂಡು ಬೇರೆಯವರು ಹೆದರುತ್ತಾರೆ ಅಂತ! ಅದು ದೆವ್ವ ಬರೆಯಬೇಕಾದ ವಾಕ್ಯ.

ಜೀವ ಬಾಯಿಗೆ ಬಂತು ಅನ್ನುತ್ತೇವಲ್ಲ, ಅದಕ್ಕೆ ಇಂಗ್ಲಿಷಿನಲ್ಲೂ ಹೆಚ್ಚುಕಡಿಮೆ ಅದೇ ಮಾತಿದೆ. ಅವರಿಗೆ ಬಾಯಿಗೆ ಬರುವುದು ಹೃದಯ: ‘ಮೈ ಹಾರ್ಟ್ ವಾಸ್ ಇನ್ ಮೈ ಮೌತ್’. ಆದರೆ ಕೈಕಾಲು ತಣ್ಣಗಾಯ್ತು ಅಂತ ಸುಮ್ನೆ ‘ಕೋಲ್ಡ್ ಫೀಟ್’ ಬಳಸಬೇಡಿ. ಮದುವೆಗೋ ವ್ಯಾಪಾರಕ್ಕೋ ಒಪ್ಪಿಕೊಂಡು, ಕೊನೇ ಗಳಿಗೆಯಲ್ಲಿ ಅಳುಕಿ ಹಿಂಜರಿಯುವವರಿಗೆ ಆ ಮಾತು.

ಅಂದಹಾಗೆ, ನನ್ನ ಅರ್ಜಿ ಮರುದಿನ ವಾಪಸ್ ಬಂತು. ಅಂಚಿನಲ್ಲಿ ಸಾಹೇಬರು ಬರೆದಿದ್ದರು: ‘ಐ ಆಮ್ ಅಫ್ರೇಡ್ ದೇರ್ ಈಸ್ ನೋ ಡೇ ಶಿಫ್ಟ್’. ಇವರಿಗೂ ಭಯವಾ ಅಂತ ಎರಡು ಸಲ ಓದಿದೆ. ಹಗಲು ಪಾಳಿ ಇಲ್ಲ ಅನ್ನುವುದನ್ನೇ ನಯವಾಗಿ ಹೇಳಿದ್ದರು ಅಷ್ಟೇ. ಅವತ್ತು ಸಂಜೆ ಸಂತೆಯಲ್ಲಿ ಒಂದು ಗಟ್ಟಿ ಬೆತ್ತ ಕೊಂಡುಕೊಂಡೆ.