ಅಲೆಪ್ಪೊದ ಹದಿನಾರರ ದೊರೆಯನ್ನು ಹುಚ್ಚನೆಂದು ಬದಿಗೆ ತಳ್ಳಬೇಡಿ

ನಮಸ್ಕಾರ. ಯುರೋಪಿನ ಕ್ರೈಸ್ತರು ನಡೆಸಿದ ಧರ್ಮಯುದ್ಧಗಳಾದ ಕ್ರುಸೇಡ್‌ಗಳ ಕಾಲದ ಸಿರಿಯಾದ ಕಥೆ ಹೇಳುವವರು ಅಲೆಪ್ಪೊವನ್ನು ಒಂದು ವರ್ಷವೂ ಪೂರ್ತಿ ಆಳದ ಅಲ್ಪ್ ಅರ್ಸ್ಲಾನನನ್ನು ಕ್ರೂರಿ, ತಲೆಕೆಟ್ಟ ಹುಡುಗ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಆ ಸಾಲಿನ ಬಗ್ಗೆ ನನ್ನ ತಕರಾರಿದೆ.

1071ರಲ್ಲಿ ಮಾಂಜಿಕರ್ಟ್‌ನಲ್ಲಿ ಬೈಜಾಂಟೈನ್ ಚಕ್ರವರ್ತಿಯನ್ನೇ ಸೆರೆಹಿಡಿದ, ಸೆಲ್ಜುಕ್ ಎಂಬ ತುರ್ಕಿ ವಂಶದ ಸುಲ್ತಾನ ಈತನ ಮುತ್ತಜ್ಜ, ಹೆಸರೂ ಅದೇ. ಮಾತು ತೊಡರುತ್ತಿದ್ದುದರಿಂದ ಜನ ಈ ಹುಡುಗನನ್ನು ‘ಮೂಕ’ ಎಂದೇ ಕರೆದರು. 1113ರ ಡಿಸೆಂಬರ್‌ನಲ್ಲಿ ತಂದೆ, ಅಲೆಪ್ಪೊದ ದೊರೆ ರಿದ್ವಾನ್ ತೀರಿಕೊಂಡಾಗ ಇವನಿಗೆ ಸುಮಾರು 16 ವರ್ಷ. ಪಟ್ಟಕ್ಕೆ ಬಂದವನೇ ಇಬ್ಬರು ಸಹೋದರರನ್ನು ಕೊಲ್ಲಿಸಿದ.

ಘೋರ ಕೃತ್ಯ, ಒಪ್ಪುತ್ತೇನೆ. ಆದರೆ ಈ ಪಾಠ ಅವನಿಗೆ ಮನೆಯಲ್ಲೇ ಸಿಕ್ಕಿತ್ತು. 1095ರಲ್ಲಿ ರಿದ್ವಾನನೂ ತನ್ನ ತಮ್ಮಂದಿರಲ್ಲಿ ಇಬ್ಬರನ್ನು ಕೊಲ್ಲಿಸಿದ್ದ. ಮತ್ತೊಬ್ಬ ತಮ್ಮ ದುಕಾಕ್ ತಪ್ಪಿಸಿಕೊಂಡು ದಮಾಸ್ಕಸ್‌ನ ದೊರೆಯಾದ. ಆ ದಾಯಾದಿ ಹಗೆಯ ಫಲ ಏನಾಯಿತು? ಕ್ರುಸೇಡರು ಅಂತಿಯೋಕ್ ನಗರಕ್ಕೆ ಮುತ್ತಿಗೆ ಹಾಕಿದಾಗ, 1097ರ ಕೊನೆಯಲ್ಲಿ ದುಕಾಕ್ ಒಂಟಿಯಾಗಿ ಬಂದು ಹಿಮ್ಮೆಟ್ಟಿದ. 1098ರ ಫೆಬ್ರವರಿಯಲ್ಲಿ ರಿದ್ವಾನ್ ಒಂಟಿಯಾಗಿ ಬಂದು ಸೋತ. ಒಟ್ಟಾಗಿ ಬಂದಿದ್ದರೆ ಆ ಮುತ್ತಿಗೆಯ ಗತಿಯೇ ಬೇರೆಯಾಗಬಹುದಿತ್ತು ಎಂಬುದು ನನ್ನ ಬಲವಾದ ನಂಬಿಕೆ. ಅಣ್ಣತಮ್ಮಂದಿರನ್ನು ಶತ್ರುಗಳೆಂದು ಎಣಿಸುವ ಆ ಅರಮನೆಯಲ್ಲೇ ಹುಡುಗ ಬೆಳೆದ.

ರಿದ್ವಾನ್ ಆಶ್ರಯ ಕೊಟ್ಟಿದ್ದ, ಶಿಯಾ ಮುಸ್ಲಿಮರ ಒಂದು ಪಂಗಡವಾದ ನಿಜಾರಿಗಳ ಹತ್ಯಾಕಾಂಡವೂ ಇವನ ಕಾಲದಲ್ಲೇ ನಡೆಯಿತು. ಅವರ ನಾಯಕ ಅಬೂ ತಾಹಿರ್‌ನನ್ನು ಕೊಂದರು. ಅದಕ್ಕೆ ಒತ್ತಾಯಿಸಿದವರಲ್ಲಿ ನಗರದ ಕಾವಲು ಪಡೆಯ ಮುಖ್ಯಸ್ಥ ಇಬ್ನ್ ಬದೀ ಮುಂಚೂಣಿಯಲ್ಲಿದ್ದ. ಅಪ್ಪಣೆ ಹುಡುಗನದು, ಹಟ ಹಿರಿಯರದು. ಅವರ ಹೆಸರನ್ನು ಎಷ್ಟು ಜನ ಎತ್ತುತ್ತಾರೆ?

ಎಲ್ಲಕ್ಕಿಂತ ಹೆಚ್ಚಾಗಿ ನೀವು ಗಮನಿಸಬೇಕಾದವನು ಖೋಜಾ (ನಪುಂಸಕ) ಅಧಿಕಾರಿ ಲೂಲೂ. ದೊರೆಯ ಪಾಲಕನಾಗಿ ಆಡಳಿತದ ಚುಕ್ಕಾಣಿ ಹಿಡಿದಿದ್ದವನು ಅವನೇ. 1114ರ ಸೆಪ್ಟೆಂಬರ್‌ನಲ್ಲಿ ಕೋಟೆಯೊಳಗೇ ದೊರೆಯನ್ನು ಮುಗಿಸಿದವನೂ ಅವನೇ. ಆಮೇಲೆ ಗದ್ದುಗೆಯ ಮೇಲೆ ಕೂರಿಸಿದ್ದು ಯಾರನ್ನು? ಆರು ವರ್ಷದ ತಮ್ಮ ಸುಲ್ತಾನ್ ಶಾನನ್ನು. ತನಗೆ ಎದುರಾಡಲಾರದ ಮಗುವಿನ ಹೆಸರಿನಲ್ಲಿ, 1117ರಲ್ಲಿ ಕೊಲೆಯಾಗುವವರೆಗೂ ಲೂಲೂ ಆಳಿದ. ಲಾಭ ಇಷ್ಟು ನಿಚ್ಚಳವಾಗಿರುವಾಗ ತಪ್ಪನ್ನೆಲ್ಲ ಹುಡುಗನ ಹುಚ್ಚಿಗೆ ಕಟ್ಟುವುದು ಅನ್ಯಾಯ.

ಮುಂದೆ ಊರು ಅರ್ತುಕಿದ್ ವಂಶದ ಇಲ್ಗಾಜಿಯ ಪಾಲಾಯಿತು. ಅಲೆಪ್ಪೊದಲ್ಲಿ ರಿದ್ವಾನನ ವಂಶದ ಆಳ್ವಿಕೆ ಮುಗಿಯಿತು. 1124ರಲ್ಲಿ ಜೆರುಸಲೇಮಿನ ರಾಜ ಎರಡನೇ ಬಾಲ್ಡ್ವಿನ್ ಅಲೆಪ್ಪೊಗೆ ಮುತ್ತಿಗೆ ಹಾಕಿದಾಗ, ಕಳೆದುಕೊಂಡ ಗದ್ದುಗೆಯ ಆಸೆಯಿಂದ ಆ ಶಿಬಿರ ಸೇರಿದ್ದವರಲ್ಲಿ ಸುಲ್ತಾನ್ ಶಾನೂ ಒಬ್ಬ.