ಎಪ್‌ವರ್ತ್‌ನ ಪಾದ್ರಿಗಳ ಮನೆ

ಕೇಳುಗರಿಗೆ ನಮಸ್ಕಾರ.

ಹಳೆಯ ಕನ್ನಡ ಪುಸ್ತಕ ತಿರುವಿ ಹಾಕಿದವರಿಗೆ ಮೈಸೂರಿನ ವೆಸ್ಲಿ ಪ್ರೆಸ್ ಹೆಸರು ಗೊತ್ತಿರುತ್ತದೆ. ಆ ಹೆಸರು ಬಂದದ್ದು ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥವನ್ನು ಶುರುಮಾಡಿದ ಜಾನ್ ವೆಸ್ಲಿಯವರಿಂದ. ಇವತ್ತು ಅವರು ಬೆಳೆದ ಮನೆಯ ಕಥೆ ಹೇಳುತ್ತೇನೆ. ಅದು ಇಂಗ್ಲೆಂಡಿನ ಲಿಂಕನ್‌ಶೈರ್‌ನ ಎಪ್‌ವರ್ತ್ ಎಂಬ ಸಣ್ಣ ಊರಿನಲ್ಲಿದೆ. ಊರ ಚರ್ಚಿನ ಪಾದ್ರಿಗೆ ಇರಲು ಕೊಟ್ಟ ಮನೆ. ಅದನ್ನು ರೆಕ್ಟರಿ ಅನ್ನುತ್ತಾರೆ.

ಮೊದಲಿದ್ದ ಮನೆಯ ವಿವರ 1607ರ ಒಂದು ದಾಖಲೆಯಲ್ಲಿ ಸಿಗುತ್ತದೆ. ನಮ್ಮ ಹಳ್ಳಿಯವರು ಮನೆಯನ್ನು ಅಂಕಣದಲ್ಲಿ ಅಳೆಯುತ್ತಾರಲ್ಲ, ಅಲ್ಲೂ ಹಾಗೇ. ಐದು ಅಂಕಣದ ಮನೆ. ಮರದ ಚೌಕಟ್ಟು, ಗಾರೆ ಮೆತ್ತಿದ ಗೋಡೆ, ಮೇಲೆ ಹುಲ್ಲಿನ ಚಾವಣಿ. ಮೂರು ಅಂತಸ್ತು, ಏಳು ಮುಖ್ಯ ಕೋಣೆ. ಹೊರಗೆ ಧಾನ್ಯದ ಕೊಟ್ಟಿಗೆ, ಪಾರಿವಾಳದ ಗೂಡುಮನೆ, ನಾರಿನ ಗಿಡ ಒಣಗಿಸುವ ಒಲೆಮನೆ. ಪಾದ್ರಿಗೆ ಇದೆಲ್ಲ ಯಾಕೆ ಅನಿಸುತ್ತೆ ಅಲ್ವಾ? ಆಗ ಪಾದ್ರಿ ಅರ್ಧ ರೈತ. ಚರ್ಚಿನ ಜಮೀನಿನ ಬೆಳೆಯೂ ಅವನ ಆದಾಯವೇ. ಆ ಸೀಮೆಯಲ್ಲಿ ನಾರಿನ ಬೆಳೆ ಜಾಸ್ತಿ. ನನಗಂತೂ ದೊಡ್ಡ ಮನೆಗಿಂತ ಆ ಒಲೆಮನೆಯೇ ಅಲ್ಲಿನ ಬದುಕನ್ನು ಚೆನ್ನಾಗಿ ಹೇಳುತ್ತದೆ.

ಜಾನ್ ಅವರ ತಂದೆ ಸಾಮ್ಯುಯೆಲ್‌ಗೆ ಊರವರ ಜೊತೆ ಅಷ್ಟಕ್ಕಷ್ಟೆ. ಯಾರೋ ಅವರ ಹಸುಗಳಿಗೆ ಇರಿದರು. ಸಾಲಕ್ಕಾಗಿ 1705ರಲ್ಲಿ ಜೈಲಿಗೂ ಹೋಗಿಬಂದರು. ಆಮೇಲೆ 1709ರ ಫೆಬ್ರವರಿ 9ರ ರಾತ್ರಿ ಮನೆಗೆ ಬೆಂಕಿ. ಹುಲ್ಲಿನ ಚಾವಣಿ, ಕೇಳಬೇಕೆ! ಎಲ್ಲರೂ ಹೊರಗೆ ಓಡಿದರು. ಐದು ವರ್ಷದ ಜಾನ್ ಮಾತ್ರ ಮೇಲಿನ ಕೋಣೆಯಲ್ಲೇ ಉಳಿದ. ಏಣಿ ತರಲು ಹೊತ್ತಿಲ್ಲ. ಒಬ್ಬನ ಹೆಗಲ ಮೇಲೆ ಇನ್ನೊಬ್ಬ ನಿಂತು, ಕಿಟಕಿಯಿಂದ ಹುಡುಗನನ್ನು ಎಳೆದುಕೊಂಡ. ಅದರ ಬೆನ್ನಿಗೇ ಚಾವಣಿ ಕುಸಿಯಿತು.

ಈಗ ನಿಂತಿರುವುದು ಆಮೇಲೆ ಕಟ್ಟಿದ ಮನೆ. ಹಾಗಾಗಿ ಅಲ್ಲಿಗೆ ಹೋದವರು ಆ ಕಿಟಕಿ ಯಾವುದು ಅಂತ ಹುಡುಕಿದರೆ ಸಿಗುವುದಿಲ್ಲ. ಅದು ಬೆಂಕಿಯಲ್ಲೇ ಹೋಯಿತು. ಹೊಸ ಮನೆಗೆ ಮರ, ಹುಲ್ಲಿನ ಸಹವಾಸ ಬೇಡ ಅಂತ ಗೋಡೆಗೆ ಇಟ್ಟಿಗೆ, ಮೇಲೆ ಹೆಂಚು. ಆಗ ಹೊಸದಾಗಿ ಬಂದಿದ್ದ ಕ್ವೀನ್ ಆನ್ ಶೈಲಿ. ಕಿಟಕಿಗಳೆಲ್ಲ ಅಳತೆ ಹಿಡಿದು ಸಾಲಾಗಿ ಕೂರಿಸಿದ್ದು. ಖರ್ಚು 400 ಪೌಂಡ್. ಸಾಮ್ಯುಯೆಲ್‌ಗೆ ಅದು ಕೈಮೀರಿದ ಹೊರೆ. ಗೋಡೆ ಎದ್ದಿತು, ಆದರೆ ಎಷ್ಟೋ ವರ್ಷದ ನಂತರವೂ ಒಳಗೆ ಅರ್ಧ ಸಾಮಾನು ಕೂಡ ತುಂಬಿರಲಿಲ್ಲ.

ಅಟ್ಟದ ಕೋಣೆಗೊಂದು ದೆವ್ವದ ಕಥೆಯೂ ಉಂಟು. 1716ರ ಡಿಸೆಂಬರಿನಿಂದ ಸುಮಾರು ಎರಡು ತಿಂಗಳು ಮನೆಯಲ್ಲಿ ಬಡಿಯುವ ಸದ್ದು. ಮಕ್ಕಳು ಅದಕ್ಕೆ ಓಲ್ಡ್ ಜೆಫ್ರಿ ಅಂತ ಹೆಸರಿಟ್ಟು ಸುಮ್ಮನಾದರು! 1957ರಿಂದ ಮನೆ ಮ್ಯೂಸಿಯಂ ಆಗಿದೆ.

ನನಗೆ ಇಷ್ಟವಾದ ಜಾಗ ಅಡುಗೆಮನೆ. 1711-12ರ ಚಳಿಗಾಲದಲ್ಲಿ ಸಾಮ್ಯುಯೆಲ್ ಲಂಡನ್ನಿನಲ್ಲಿದ್ದರು. ತಾಯಿ ಸುಸಾನಾ ಭಾನುವಾರ ಸಂಜೆ ಮಕ್ಕಳನ್ನು ಕೂರಿಸಿಕೊಂಡು ಪ್ರಾರ್ಥನೆ ಮಾಡಿಸುತ್ತಿದ್ದರು. ನೆರೆಹೊರೆಯವರು ಒಬ್ಬೊಬ್ಬರೇ ಬರತೊಡಗಿದರು. ಒಂದು ಭಾನುವಾರ 200ಕ್ಕೂ ಜಾಸ್ತಿ ಜನ. ನಿಲ್ಲಲು ಜಾಗ ಸಾಲದೆ ಎಷ್ಟೋ ಮಂದಿ ವಾಪಸ್ ಹೋದರು ಅಂತ ಅವರೇ ಗಂಡನಿಗೆ ಪತ್ರ ಬರೆದಿದ್ದಾರೆ.

ನಮಸ್ಕಾರ.