ಏಟಿಗೆ ಹೆದರಿ ಆಡಿದ ಮಾತು

ಕೇಳುಗರಿಗೆಲ್ಲ ನಮಸ್ಕಾರ. ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ, ಆಚೆ ದಾವಣಗೆರೆ ಕಡೆಯಲ್ಲೂ ಈ ಹೊತ್ತಿಗೆ ರೇಡಿಯೋ ಹಾಕಿಕೊಂಡು ಶೇಂಗಾ ಬಿಡಿಸುತ್ತಾ ಕೂತವರಿದ್ದೀರಿ, ಅಂಗಡಿಯಲ್ಲಿ ಗಿರಾಕಿಗೆ ಕಾಯುತ್ತಿರುವವರಿದ್ದೀರಿ. ಕೆಲಸ ನಡೆಯಲಿ, ಕಿವಿ ಮಾತ್ರ ಈ ಕಡೆ ಕೊಡಿ.

ನಾನು ಬಹಳ ವರ್ಷ ಕಾನೂನು ಕಾಲೇಜಿನಲ್ಲಿ ಸಾಕ್ಷ್ಯ ಕಾಯ್ದೆ ಪಾಠ ಮಾಡಿದವನು. ದೇಶದ ಭದ್ರತೆ ಎಂದು ಹೇಳಿ ಕೈದಿಗೆ ಚಿತ್ರಹಿಂಸೆ ಕೊಡಬಹುದೇ ಎಂಬ ವಿಷಯ ಕೊಟ್ಟಿದ್ದಾರೆ. ಕೊಡಬಾರದು. ಉತ್ತರ ಮೊದಲೇ ಹೇಳಿಬಿಟ್ಟೆ. ಯಾಕೆ ಅನ್ನುವುದನ್ನು ಈಗ ಕೇಳಿ.

ಎಲ್ಲೋ ಬಾಂಬ್ ಸಿಡಿದ ಸುದ್ದಿ ಬಂದ ದಿನ ಹೋಟೆಲಿನಲ್ಲಿ ಕೂತವರು ಹೇಳುವುದನ್ನು ನೀವೂ ಕೇಳಿದ್ದೀರಿ. "ನಾಲ್ಕು ಬಿಟ್ಟರೆ ತಾನಾಗಿ ಬಾಯಿ ಬಿಡ್ತಾನೆ." "ಏರೋಪ್ಲೇನ್ ಹತ್ತಿಸಿದರೆ ಎಲ್ಲ ಹೊರಗೆ ಬರುತ್ತೆ." ಸಿಟ್ಟು ನನಗೆ ಅರ್ಥವಾಗುತ್ತದೆ. ಜನ ಸತ್ತಿದ್ದಾರೆ, ಸಿಟ್ಟು ಬರಲೇಬೇಕು. ಆದರೆ ಏರೋಪ್ಲೇನ್ ಅಂದರೆ ಏನು ಅಂತ ಗೊತ್ತಿಲ್ಲದೆ ಹೇಳುವವರೇ ಜಾಸ್ತಿ. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿ, ಆ ಹಗ್ಗ ಹಿಡಿದು ಆಳನ್ನು ಮೇಲಕ್ಕೆ ಎಳೆಯುವುದು. ಮೈಭಾರವೆಲ್ಲ ತಿರುಚಿದ ಭುಜದ ಮೇಲೆ ಬೀಳುತ್ತದೆ. ಕೀಲು ತಪ್ಪುತ್ತದೆ. ಇಳಿಸಿದ ಮೇಲೂ ಆ ಮನುಷ್ಯನಿಗೆ ತುತ್ತು ಬಾಯಿಗೆ ಎತ್ತುವುದೇ ಕಷ್ಟ.

ಹಾಗೆ ನೇತಾಡುವವನು ಏನು ಹೇಳುತ್ತಾನೆ? ಕೆಳಗೆ ಇಳಿಸುವಂಥ ಮಾತು ಹೇಳುತ್ತಾನೆ. ಹೊಡೆಯುವವನಿಗೆ ಯಾವ ಮಾತು ಬೇಕೋ ಆ ಮಾತು. ಇವತ್ತು ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. ಏಟು ತಿಂದವನು ಹೊಡೆಯುವವನಿಗೆ ಬೇಕಾದ್ದನ್ನೇ ಹೇಳುತ್ತಾನೆ.

2001ರ ಕೊನೆಗೆ ಅಮೆರಿಕದವರ ಕೈಗೆ ಇಬ್ನ್ ಅಲ್-ಶೇಖ್ ಅಲ್-ಲಿಬಿ ಎಂಬ ಕೈದಿ ಸಿಕ್ಕ. ಅವನನ್ನು ಈಜಿಪ್ಟಿಗೆ ಕಳಿಸಿದರು. ಅಲ್ಲಿ ತನ್ನನ್ನು ಸಣ್ಣ ಪೆಟ್ಟಿಗೆಯೊಂದರಲ್ಲಿ ಸುಮಾರು 17 ಗಂಟೆ ತುರುಕಿಟ್ಟು, ಹೊರಗೆ ತೆಗೆದು ಗುದ್ದಿದರು ಎಂದು ಅವನೇ ಆಮೇಲೆ ಹೇಳಿದ. ಅವರಿಗೆ ಬೇಕಾಗಿದ್ದದ್ದು ಇರಾಕಿನ ಹೆಸರು. ಕೊಟ್ಟ. ಇರಾಕಿನವರು ಅಲ್-ಖೈದಾಕ್ಕೆ ವಿಷಾಸ್ತ್ರಗಳ ತರಬೇತಿ ಕೊಟ್ಟಿದ್ದಾರೆ ಅಂದ. 2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಮಂತ್ರಿ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಅದೇ ಮಾತನ್ನು ಜಗತ್ತಿಗೆಲ್ಲ ಹೇಳಿದರು. ಮಾರ್ಚಿನಲ್ಲಿ ಯುದ್ಧ ಶುರುವಾಯಿತು. ಮರುವರ್ಷ ಆ ಕೈದಿ, ಹಿಂಸೆ ತಡೆಯಲಾರದೆ ಹೇಳಿದ್ದೆ, ಅದು ಸುಳ್ಳು ಅಂದ. ಅಷ್ಟರಲ್ಲಿ ಎಷ್ಟು ಮನೆಗಳ ದೀಪ ಆರಿತ್ತು!

ಹಾಗಾದರೆ ಬಾಯಿ ಬಿಡಿಸುವುದು ಹೇಗೆ? ಇಲ್ಲಿ ನನಗೆ ತುಂಬಾ ಇಷ್ಟವಾದ ಒಬ್ಬ ಮನುಷ್ಯನ ವಿಷಯ ಹೇಳಲೇಬೇಕು. ಹೆಸರು ಹಾನ್ಸ್ ಶಾರ್ಫ್. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ವಾಯುಪಡೆಯಲ್ಲಿದ್ದವನು. ದೊಡ್ಡ ಅಧಿಕಾರಿಯೇನಲ್ಲ. ಅದಕ್ಕೆ ಮುಂಚೆ ದಕ್ಷಿಣ ಆಫ್ರಿಕಾದಲ್ಲಿ ವ್ಯಾಪಾರ ಮಾಡಿಕೊಂಡಿದ್ದ. ಹೆಂಡತಿ ಬ್ರಿಟಿಷ್ ಮೂಲದವರು, ಹಾಗಾಗಿ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಸೆರೆ ಸಿಕ್ಕ ಅಮೆರಿಕದ ಪೈಲಟ್‌ಗಳನ್ನು ವಿಚಾರಿಸುವ ಕೆಲಸ ಅವನ ಪಾಲಿಗೆ ಬಂತು. ಎದುರಿಗಿರುವವರು ಶತ್ರುಗಳೇ. ತನ್ನ ಊರುಗಳ ಮೇಲೆ ಹಾರಿ ಬಂದವರು. ಆದರೂ ಅವನು ಒಬ್ಬನ ಮೇಲೂ ಕೈ ಎತ್ತಲಿಲ್ಲ. ಕೈದಿಯನ್ನು ಕರೆದುಕೊಂಡು ಕಾಡಿನಲ್ಲಿ ವಾಕಿಂಗ್ ಹೋಗುತ್ತಿದ್ದ. ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ, ಹೀಗೆ ಮಾತು. ಹೋಗುವ ಮುಂಚೆ ಆ ಪೈಲಟ್ ಬಗ್ಗೆ, ಅವನ ದಳದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿಕೊಂಡಿರುತ್ತಿದ್ದ.

ಒಮ್ಮೆ ಏನಾಯಿತು ಕೇಳಿ. ಅಮೆರಿಕದ ವಿಮಾನಗಳು ಹಾರಿಸುವ ಗುಂಡುಗಳಲ್ಲಿ ಬೆಳಕಿನ ಗೆರೆ ಎಳೆಯುತ್ತಾ ಹೋಗುವ ಗುಂಡುಗಳಿರುತ್ತಿದ್ದವು. ಗೆರೆ ಕೆಂಪಗೆ ಬರುತ್ತಿತ್ತು, ಕೊನೆಕೊನೆಗೆ ಬೆಳ್ಳಗಾಗುತ್ತಿತ್ತು. ಯಾಕೆ ಎಂದು ಜರ್ಮನ್ನರಿಗೆ ತಲೆಬುಡ ತಿಳಿಯಲಿಲ್ಲ. ಶಾರ್ಫ್ ಕೇಳಲೇ ಇಲ್ಲ. ಸುಮ್ನೆ ನಡೆಯುತ್ತಾ, "ನಿಮ್ಮ ಕಡೆ ಕೆಂಪು ಬಣ್ಣದ ಕೆಮಿಕಲ್ ಖಾಲಿಯಾಗಿದೆಯಂತೆ" ಎಂಬರ್ಥದ ಮಾತು ಎಸೆದ. ಪೈಲಟ್‌ಗೆ ತನ್ನ ದೇಶಕ್ಕೆ ಬಡತನ ಬಂತು ಅಂದದ್ದು ಹಿಡಿಸಲಿಲ್ಲ. ಹಾಗೇನಿಲ್ಲ, ಗುಂಡು ಮುಗಿಯುತ್ತಾ ಬಂತು ಅಂತ ಪೈಲಟ್‌ಗೆ ಗೊತ್ತಾಗಲಿ ಅಂತ ಬಿಳಿ ಹಾಕುತ್ತಾರೆ ಅಂದುಬಿಟ್ಟ. ನೋಡಿ, ಎಂಥ ಗುಟ್ಟು! ಬಿಳಿ ಗೆರೆ ಕಂಡರೆ ಎದುರಾಳಿಯ ಬಂದೂಕು ಬರಿದಾಗುತ್ತಿದೆ ಎಂದರ್ಥ. ಒಂದು ಏಟೂ ಬೀಳಲಿಲ್ಲ. ಯುದ್ಧ ಮುಗಿದ ಮೇಲೆ ಅಮೆರಿಕದವರೇ ಅವನನ್ನು ಕರೆಸಿ, ಹೇಗೆ ಮಾಡಿದೆ ಹೇಳಪ್ಪಾ ಎಂದು ಕೇಳಿದರು. ಅವನು ಅಲ್ಲೇ ನೆಲೆಸಿ, ಬಣ್ಣದ ಚೂರುಗಳಿಂದ ಗೋಡೆ ಚಿತ್ರ ಮಾಡುವ ಕಲಾವಿದನಾದ. ಡಿಸ್ನಿಯವರ ಸಿಂಡ್ರೆಲಾ ಕೋಟೆಯಲ್ಲಿ ಅವನ ಕೆಲಸ ಇವತ್ತಿಗೂ ಇದೆ. ಇರಲಿ, ಶಾರ್ಫ್ ವಿಷಯ ಬಂದರೆ ನನಗೆ ನಿಲ್ಲಿಸುವುದೇ ಕಷ್ಟ. ಹೊತ್ತಾಗುತ್ತಿದೆ, ಮುಂದಕ್ಕೆ ಹೋಗುತ್ತೇನೆ.

"ಸಾರ್, ಬಸ್ ಸ್ಟ್ಯಾಂಡಿನಲ್ಲಿ ಬಾಂಬ್ ಇಟ್ಟಿದ್ದಾನೆ, ಅರ್ಧ ಗಂಟೆ ಇದೆ, ಆಗ?" ಪ್ರತಿ ವರ್ಷ ಯಾರಾದರೂ ವಿದ್ಯಾರ್ಥಿ ಕೇಳುತ್ತಿದ್ದ. ಸ್ವಲ್ಪ ಯೋಚಿಸಿ ಅಂತ ಹೇಳುತ್ತಿದ್ದೆ. ಇಟ್ಟವನು ಅವನೇ ಎಂದು ನಿಮಗೆ ಹೇಗೆ ಗೊತ್ತು? ಅವನೇ ಆಗಿದ್ದರೂ, ಅರ್ಧ ಗಂಟೆ ನಿಮ್ಮನ್ನು ರೈಲ್ವೆ ಸ್ಟೇಷನ್ನಿಗೆ ಓಡಿಸಿದರೆ ಅವನ ಕೆಲಸ ಆಯಿತಲ್ಲ! ಏಟು ತಿಂದವನು ನಿಮಗೆ ಬೇಕಾದ್ದನ್ನೇ ಹೇಳುತ್ತಾನೆ, ಅಲ್ವಾ? ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಗುಟ್ಟಾಗಿ ಕೂಡಿಹಾಕಿದ್ದ 119 ಜನರಲ್ಲಿ ಕನಿಷ್ಠ 26 ಜನರನ್ನು ಹಿಡಿಯಲೇಬಾರದಿತ್ತು ಎಂದು ಅಮೆರಿಕದ ಸೆನೆಟ್ ಸಮಿತಿಯೇ 2014ರಲ್ಲಿ ಹೇಳಿತು.

ಒಂದು ವೇಳೆ ನಿಜವೇ ಹೊರಗೆ ಬಂತು ಅಂತಿಟ್ಟುಕೊಳ್ಳಿ. ಆಗಲೂ ಬೇಡ ಅನ್ನುತ್ತೇನೆ. ನಮ್ಮ ಓಬವ್ವ ಒನಕೆ ಎತ್ತಿದ್ದು ಕಿಂಡಿಯಲ್ಲಿ ನುಗ್ಗಿ ಬಂದವರ ಮೇಲೆ. ಅದು ಕಾಳಗ. ಕೈ ಕಟ್ಟಿ ಕೂರಿಸಿದವನ ಮೇಲೆ ಕೈ ಮಾಡುವುದು ಕಾಳಗವಲ್ಲ. 1779ರಲ್ಲಿ ದುರ್ಗ ಬಿದ್ದಾಗ ಮದಕರಿ ನಾಯಕರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಸೆರೆಯಲ್ಲೇ ತೀರಿಕೊಂಡರು. ಅದನ್ನು ನೆನೆದರೆ ಈ ಊರಿನವರಿಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಸೆರೆಯಾಳಿನ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ.

ಕಾನೂನಿನ ವಿಷಯ ಬೇಗ ಹೇಳುತ್ತೇನೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯೇ ಹೇಳಿತ್ತು, ಈಗಿನ ಹೊಸ ಕಾಯ್ದೆಯೂ ಹೇಳುತ್ತದೆ. ಆ ಕಾಯ್ದೆ ಬರೆದ ಸ್ಟೀಫನ್‌ಗೆ ಇಲ್ಲಿನ ಅಧಿಕಾರಿಯೊಬ್ಬರು ಹೇಳಿದ್ದರಂತೆ, ಬಿಸಿಲಲ್ಲಿ ಅಲೆದು ಸಾಕ್ಷಿ ಹುಡುಕುವುದಕ್ಕಿಂತ ನೆರಳಲ್ಲಿ ಕೂತು ಬಡಪಾಯಿಯ ಕಣ್ಣಿಗೆ ಖಾರದ ಪುಡಿ ಉಜ್ಜುವುದು ಹಿತ ಎಂದು. ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆಯನ್ನೂ ಮಾಡುವಂತಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ನಮ್ಮ ಕರ್ನಾಟಕದಿಂದ ಹೋದ ಸೆಲ್ವಿ ಪ್ರಕರಣದಲ್ಲಿ. ಆದರೆ ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿದ್ದಷ್ಟೇ, ಅಂಗೀಕಾರ ಇನ್ನೂ ಆಗಿಲ್ಲ. ಇನ್ನೆಷ್ಟು ಕಾಯಬೇಕು? ನಿಮ್ಮ ಎಂಎಲ್‌ಎ, ಎಂಪಿ ಓಟು ಕೇಳಲು ಬಂದಾಗ ಇದನ್ನೂ ಕೇಳಿ.

ನಿಮ್ಮ ಮನೆಯವರನ್ನೋ ಪಕ್ಕದ ಮನೆಯವರನ್ನೋ ಪೊಲೀಸರು ಹಿಡಿದುಕೊಂಡು ಹೋದರೆ, ಬಂಧನದ ಮೆಮೊ ಕೇಳಿ. ಅದರಲ್ಲಿ ದಿನ, ಹೊತ್ತು ಬರೆದಿರಬೇಕು, ಸಾಕ್ಷಿಯ ಸಹಿ ಇರಬೇಕು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಹೊಡೆದಿದ್ದರೆ ಅಲ್ಲೇ, ಮ್ಯಾಜಿಸ್ಟ್ರೇಟ್‌ಗೆ ಗಾಯ ತೋರಿಸಿ ಹೇಳಬೇಕು. ವಕೀಲರಿಗೆ ದುಡ್ಡಿಲ್ಲ ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಕೈದಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಫೋನ್ ಮಾಡುವುದಾದರೆ 15100. ಪೆನ್ನು ಹತ್ತಿರ ಇದ್ದರೆ ಬರೆದುಕೊಳ್ಳಿ, ಒಂದು, ಐದು, ಒಂದು, ಸೊನ್ನೆ, ಸೊನ್ನೆ. ನಮಸ್ಕಾರ.